ಯಾವ ಗಟ್ಟಿ

೨೦೧೭ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಓಕ್‌ವಿಲ್ ಕಡೆಯ ಸರೋವರದ ದಂಡೆಯಲ್ಲಿ, ನೀರಿನಿಂದ ಮೇಲೆಳೆದು ಮರದ ದಿಮ್ಮಿಗಳ ಮೇಲೆ ಕೂಡಿಸಿದ್ದ ಒಂದು ಹಳೆಯ ಹಡಗಿನ ಎಡಮಗ್ಗುಲಿಗೆ ನಾನು ನಿಂತಿದ್ದೆ. ಕೈಯಲ್ಲಿ ತಂತಿಯ ಬ್ರಶ್ ಇತ್ತು. ನನ್ನ ಮುಖಕ್ಕೂ ಹಡಗಿನ ಕಬ್ಬಿಣದ ಹಲಗೆಗೂ ನಡುವೆ ಒಂದು ಮೊಳ ಇದ್ದಿರಬಹುದು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಆದದ್ದೆಲ್ಲ ಆ ಒಂದು ಮೊಳದೊಳಗೇ ಆಯಿತು.

ಹತ್ತೊಂಬತ್ತನೆಯ ಶತಮಾನದ ಉಗಿಹಡಗು ಅದು. ಉಗಿಯಂತ್ರವನ್ನು ಯಾವ ಕಾಲದಲ್ಲೋ ಕಿತ್ತಿದ್ದರು. ಕೊನೆಗೆ ಅದು ತೇಲುವ ಹೋಟೆಲಾಗಿ, ಅದೂ ಮುಚ್ಚಿಹೋಗಿತ್ತು. ಸ್ಟ್ರೀಟ್ಸ್‌ವಿಲ್‌ನಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮನೆಯೊಡೆಯರ ಮಗಳು, ಗೆಳೆಯರನ್ನು ಕೂಡಿಸಿಕೊಂಡು, ಅದನ್ನು ಮಕ್ಕಳು ಹತ್ತಿ ನೋಡುವಂಥ ವಸ್ತುಸಂಗ್ರಹಾಲಯ ಮಾಡಬೇಕೆಂದು ಎರಡು ವರ್ಷ ಓಡಾಡಿದ್ದಳು. ಮುಂದಿನ ವಾರ ಅಧಿಕೃತ ಸರ್ವೇಯರ್ ಬರುವವನಿದ್ದ. ಒಡಲು ತೇಲಲು ಯೋಗ್ಯವಲ್ಲ ಎಂದು ಅವನು ಬರೆದರೆ ಹಡಗು ಗುಜರಿಗೆ ಹೋಗುತ್ತಿತ್ತು. ಅವನು ಬರುವ ಮೊದಲೇ ಹಡಗಿನ ಸ್ಥಿತಿ ಅವಳಿಗೆ ಗೊತ್ತಾಗಬೇಕಿತ್ತು. ಒಳಗಿಳಿದು ಪರೀಕ್ಷಿಸಲು ಹಡಗಿನ ಮಾಲಕರು ಒಪ್ಪಿದ್ದರು.

ಅವಳ ಅಪ್ಪ, ನಾನು ಕಾಕಾ ಎನ್ನುತ್ತಿದ್ದವರು, ಮುಂಬೈ ಬಂದರಿನಲ್ಲಿ ಹಡಗುಗಳ ಸರ್ವೇ ಮಾಡಿ ನಿವೃತ್ತರಾದವರು. ಧಾರವಾಡದವರು.

“ಧಾರವಾಡಕ್ಕ ಹಡಗು ಎಲ್ಲಿಂದ ಬಂತ್ರೀ ಕಾಕಾ?” ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ.

“ಸಾಧನಕೇರಿ ಕೆರಿಗೆ ಬರ್ತಿತ್ತಪಾ, ನೀ ಹುಬ್ಬಳ್ಳಿಯಾಂವ, ನಿನಗೇನ್ ಗೊತ್ತು?”

ಆ ದಿನ ಕಾರಿನಲ್ಲಿ ಬರುವಾಗ ಅವರು ಹಳೆಯ ಸರ್ವೇಯರುಗಳ ಪದ್ಧತಿ ಹೇಳಿದ್ದರು. ಕಬ್ಬಿಣದ ಹಡಗಿನೊಳಗೆ ಇಳಿದು, ಒಂದೊಂದೇ ಹಲಗೆಗೆ ಸುತ್ತಿಗೆಯಿಂದ ಬಡಿದು ಸಪ್ಪಳ ಕೇಳುವುದು. ಅನುಮಾನ ಬಂದಲ್ಲಿ ಸುತ್ತಿಗೆಯ ಚೂಪು ತುದಿಯಿಂದ ಕುಕ್ಕಿ ನೋಡುವುದು, ತೂತು ಕೊರೆದು ದಪ್ಪ ಅಳೆಯುವುದು. ಎಲ್ಲ ಮುಗಿದ ಮೇಲೆ ಹಡಗಿಗೆ ಒಂದು ವರ್ಗ. ಒಡಲಿಗೆ ಅಕ್ಷರ, ಲಂಗರು-ಸರಪಳಿಗಳಿಗೆ ಅಂಕೆ. ಎರಡೂ ಉತ್ತಮವಾದರೆ ‘ಎ ವನ್’. ಎ ವನ್ ಅಂದರೆ ಹುಬ್ಬಳ್ಳಿಯ ಚಹಾ ಅಂಗಡಿಯ ಮಾತು ಎಂದಷ್ಟೇ ನಾನು ತಿಳಿದಿದ್ದೆ.

ಕಾಕಾ ಒಳಗಿಳಿದರು. ನಾನು ಹೊರಗೆ ಹಲಗೆ ಉಜ್ಜುತ್ತಿದ್ದೆ, ಮಗಳು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಒಳಗಿಂದ ‘ಗಟ್ಟಿ’ ಎಂದರೆ ಗೀಟು, ‘ಪೊಳ್ಳು’ ಎಂದರೆ ಗುಂಡು. ಕನ್ನಡದಲ್ಲೇ ಕೂಗಬೇಕೆಂದು ಅವರದೇ ಅಪ್ಪಣೆ. “ಇಂಗ್ಲೀಷಿನ್ಯಾಗ ಒದರಿದ್ರ ಗುಜರಿಯವಗ ಮೊದಲ ಸುದ್ದಿ ಮುಟ್ಟತೈತಿ.”

ಗೀಟಿನ ಮೇಲೆ ಗೀಟು ಬೀಳುತ್ತ ಹೋಯಿತು. ಅವಳು ಸಣ್ಣಗೆ ಸಿಳ್ಳು ಹಾಕತೊಡಗಿದ್ದಳು. ಕೆಳಗಿನ ಸಾಲಿನ ಒಂದು ಹಲಗೆಗೆ ಬಂದಾಗ ಸುತ್ತಿಗೆಯ ಸಪ್ಪಳ ಕೇಳಿತು, ಮಾತು ಕೇಳಲಿಲ್ಲ.

“ಅಪ್ಪಾ, ದಿಸ್ ಒನ್ ಹೆಂಗೈತಿ?”

ಸ್ವಲ್ಪ ತಡೆದು ಒಳಗಿಂದ ಬಂತು: “ಗಟ್ಟೀ!”

ಅವಳು ಗೀಟು ಎಳೆದಳು. ನನಗೂ ಅಷ್ಟೇ ಕೇಳಿತ್ತು. ನಾನು ಬ್ರಶ್ ಎತ್ತಿ ಮುಂದಿನ ಹಲಗೆಗೆ ಒಂದು ಹೆಜ್ಜೆ ಸರಿದೆ. ಅಷ್ಟರಲ್ಲಿ ಸುತ್ತಿಗೆಯ ಚೂಪು ತುದಿ ಆ ಗೀಟನ್ನೇ ಹರಿದುಕೊಂಡು ಹೊರಗೆ ಬಂತು. ಆ ಹೆಜ್ಜೆ ಇಡುವ ಮೊದಲು ನನ್ನ ಎದೆಯ ನೇರಕ್ಕಿದ್ದ ಜಾಗ ಅದು. ಭುಜದ ಮೇಲೆ ಕೆಂಪು ತುಕ್ಕು ಉದುರಿತು. ಸುತ್ತಿಗೆ ಒಳಗೆ ಹೋಯಿತು, ತೂತಿನಲ್ಲಿ ಒಂದು ಕಣ್ಣು ಬಂತು.

“ಇದು ಪೊಳ್ಳು ಐತವಾ! ಗುಂಡು ಹಾಕು.”

“ಯೂ ಸೆಡ್ ಗಟ್ಟಿ, ಅಪ್ಪಾ!”

“ಕೇಳವಲ್ದು, ಗಟ್ಟಿ ಮಾತಾಡು ಅಂದ್ನವಾ ನಾ!”

ನಾನು ನಕ್ಕುಬಿಟ್ಟೆ, ಹೆದರಿಕೆಗೆ. ಅವಳು ನಗಲಿಲ್ಲ. ತೂತಿನ ಅಂಚಿಗೆ ಬೆರಳು ಇಟ್ಟಳು. ಕಬ್ಬಿಣ ಹಳೆಯ ಹಪ್ಪಳದಂತೆ ಮುರಿಯಿತು. “ಮುಗೀತಲ್ಲ? ಇಟ್ಸ್ ಸ್ಕ್ರ್ಯಾಪ್ ನೌ,” ಎಂದಳು. ಹಾಕಿದ ಗೀಟುಗಳನ್ನೆಲ್ಲ ಒಮ್ಮೆ ತಿರುಗಿ ನೋಡಿದಳು. ಅವುಗಳಲ್ಲಿ ಯಾವುದು ಯಾವ ಗಟ್ಟಿ ಎಂದು ಈಗ ಯಾರಿಗೂ ಗೊತ್ತಿರಲಿಲ್ಲ.

“ಒಂದು ಹಲ್ಲು ಬಿದ್ರ ಮುದುಕ ಸಾಯ್ತಾನೇನು? ನನಗ ನಾಕು ಬಿದ್ದಾವು,” ಎಂದರು ತೂತಿನೊಳಗಿಂದ ಕಾಕಾ. “ಎಲ್ಲಾ ಅಳಸು. ಮೊದಲಿನಿಂದ ಬಡಿಯೂಣು.”

ಅವಳು ಅಳಿಸಿದಳು. ಈ ಸಲ ಗಟ್ಟಿ ಎಂಬ ಮಾತಿಗೆ ನಿಷೇಧ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ಕೇಳುವ ಹಾಗೆ ‘ಖಣ್’ ಮತ್ತು ‘ಬದ್’ ಎರಡೇ. ಒಳಗಿಂದ ಅವರು ಕೂಗಬೇಕು, ಹೊರಗಿಂದ ಇವಳು ಅದನ್ನೇ ತಿರುಗಿ ಕೂಗಬೇಕು, ಆಮೇಲೆ ಸುಣ್ಣ. ಸಂಜೆಯ ತನಕ ಆ ಅಂಗಳದಲ್ಲಿ ಖಣ್, ಖಣ್ ಎಂದು ಅಪ್ಪ-ಮಗಳ ಸವಾಲ್-ಜವಾಬ್ ನಡೆಯಿತು. ಬದ್ ಎಂದದ್ದು ಆ ಹಲಗೆ, ಅದರ ಪಕ್ಕದ್ದು, ಎರಡೇ. ಒಂದು ಪೈಪು ವರ್ಷಗಟ್ಟಲೆ ಆ ಮೂಲೆಗೆ ಸೋರಿತ್ತು. ಉಳಿದ ಒಡಲನ್ನು ಸಿಹಿನೀರು ಕಾಪಾಡಿತ್ತು. ಸಮುದ್ರದ ಉಪ್ಪಾಗಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ ಎಂದರು ಕಾಕಾ.

ಅಧಿಕೃತ ಸರ್ವೇಯರ್ ಬಂದಾಗ ಅವಳೇ ಅವನನ್ನು ಮೊದಲು ತೂತಿನ ಹತ್ತಿರ ಕರೆದೊಯ್ದಳಂತೆ. ಅವನು ತನ್ನ ಉಪಕರಣ ಹಿಡಿದು ಎಲ್ಲ ಕಡೆ ಅಳೆದ. ಆ ಎರಡು ಹಲಗೆ ಬದಲಿಸಿದರೆ ತೇಲಬಹುದು ಎಂದು ಬರೆದ. ಎಲೆ ಉದುರುವ ಕಾಲಕ್ಕೆ ಹಡಗು ನೀರಿಗಿಳಿಯಿತು. ಮರುವರ್ಷ ಶಾಲೆಯ ಮಕ್ಕಳು ಹತ್ತಿದರು.

ಸುತ್ತಿಗೆ ಹೊರಗೆ ಬಂದದ್ದನ್ನು ನನ್ನ ಹೊರತು ಕಂಡವರು ಇಬ್ಬರು, ಇಬ್ಬರೂ ಇದ್ದಾರೆ. ಮಗಳು ಈಗ ಥಾರ್ನ್‌ಹಿಲ್‌ನಲ್ಲಿದ್ದಾಳೆ. ಒಳಗಿನಿಂದ ಕಂಡ ಕಾಕಾ ಸ್ಟ್ರೀಟ್ಸ್‌ವಿಲ್‌ನಲ್ಲೇ ಇದ್ದಾರೆ, ಎರಡೂ ಕಿವಿಗೆ ಯಂತ್ರ ಹಾಕಿಕೊಂಡು. ಫೋನಿನಲ್ಲಿ ಆರೋಗ್ಯ ಕೇಳಿದರೆ “ಖಣ್” ಎನ್ನುತ್ತಾರೆ, ನಾನು ಅದನ್ನೇ ತಿರುಗಿ ಹೇಳುವವರೆಗೆ ಮುಂದಿನ ಮಾತು ಆಡುವುದಿಲ್ಲ.