ಬಿದ್ದ ಗಾಡಿಯ ನಂಬರು

ಬೈಕಿನಿಂದ ಬಿದ್ದು, ಮಂಡಿ ತರಚಿಕೊಂಡು ಮನೆಯಲ್ಲಿ ಮಲಗಿದ್ದೆ. ಮಾತನಾಡಿಸಲು ಬಂದವರೆಲ್ಲ ‘ಎಲ್ಲಿ ಪೆಟ್ಟಾಗೇತ್ರಿ?’ ಎಂದರು. ಪಕ್ಕದ ಮನೆಯ ಹನುಮೇಶ ಮಾತ್ರ ಬ್ರೆಡ್ಡು, ಮೋಸಂಬಿ ಕೆಳಗಿಟ್ಟು ಕೇಳಿದ: ‘ಸರ, ಗಾಡಿ ನಂಬರ್ ಕಡೀಕ ಏನೈತ್ರಿ?’

ಕಾರಟಗಿಯ ರೈಸ್ ಮಿಲ್ಲಿನಲ್ಲಿ ಭತ್ತ ತೂಗುವ ಹನುಮೇಶ ಒಳ್ಳೆಯ ಮನುಷ್ಯ. ಆದರೆ ಓಸಿ ಹುಚ್ಚು. (ಗೊತ್ತಲ್ಲ, ದುಡ್ಡು ಕಟ್ಟಿ ಎರಡಂಕಿ ಬರೆಸಿ, ಅದು ಬರುವವರೆಗೂ ಉಸಿರು ಬಿಗಿಹಿಡಿಯುವ ಆಟ.) ಆಕ್ಸಿಡೆಂಟ್ ಆದ ಗಾಡಿಯ ನಂಬರು ಬಂದೇ ಬರುತ್ತದೆ ಎಂಬುದು ಆಡುವವರ ನಂಬಿಕೆ. ನಾನೂ ನಗುತ್ತಲೇ ಹೇಳಿದೆ: ‘ನಲವತ್ತೇಳು.’

ಅದು ಬಂದುಬಿಡಬೇಕೇ!

ಮರುದಿನ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದ. ‘ನಿಮ್ಮ ಪುಣ್ಯ ಸರ. ಇನ್ನೊಂದು ದೊಡ್ಡದು ಹೊಡೀತಂದ್ರ ಮಿಲ್ ಬಿಟ್ಟು ಸ್ವಂತ ಅಂಗಡಿ ಹಾಕ್ತೀನ್ರಿ.’ ಆಗಲೇ ಬುದ್ಧಿ ಹೇಳಬಹುದಿತ್ತು. ಆದರೆ ಬಾಯಲ್ಲಿ ಮೈಸೂರುಪಾಕ್ ಇತ್ತು.

ಅವನನ್ನು ಕೆಡಿಸಿದ್ದು ಸೋಲಲ್ಲ, ಆ ಒಂದು ಗೆಲುವು. ಅವನ ಮೊಬೈಲು, ಹೆಂಡತಿ ರೇಣುಕಾಳ ಹೊಲಿಗೆ ಮಷಿನ್ನು ಒಂದೊಂದಾಗಿ ಅಡವಿಗೆ ಹೋದವು. ಆ ಮಷಿನ್ನಿನಿಂದಲೇ ಮನೆ ನಡೆಯುತ್ತಿತ್ತು ಎನ್ನುವುದು ಬೀದಿಗೆಲ್ಲ ಗೊತ್ತು. ಎಲ್ಲೇ ಆಕ್ಸಿಡೆಂಟ್ ಆಗಲಿ, ಹನುಮೇಶ ಓಡುತ್ತಿದ್ದ. ಗಾಯಗೊಂಡವರ ಕಡೆಗಲ್ಲ, ನಂಬರ್ ಪ್ಲೇಟಿನ ಕಡೆಗೆ.

ಕಳೆದ ಮಂಗಳವಾರ ಅವನ ಮಗಳು ಶಾಲೆಯಿಂದ ಬರುತ್ತಿದ್ದ ಆಟೋ ಪಲ್ಟಿಯಾಯಿತು. ಹುಡುಗಿಯ ಕಾಲು ಮುರಿಯಿತು. ಗಂಗಾವತಿಯ ಆಸ್ಪತ್ರೆಗೆ ನಾನೂ ಬ್ರೆಡ್ಡು, ಮೋಸಂಬಿ ಹಿಡಿದು ಓಡಿದೆ. ಮಗಳ ಪಕ್ಕದಲ್ಲಿ ರೇಣುಕಾ ಒಬ್ಬಳೇ ಕುಳಿತಿದ್ದಳು.

‘ಹನುಮೇಶ ಎಲ್ಲಿ ಅದಾನವ್ವ?’

‘ಬಂದಿದ್ರು ಸರ. ಮಗಳ ಮಾರಿ ನೋಡಿ ಭಾಳ ಅತ್ರು.’ ಮಗಳ ಹೊದಿಕೆ ಸರಿಮಾಡಿ, ದನಿ ತಗ್ಗಿಸಿ ಹೇಳಿದಳು: ‘ಆಮ್ಯಾಲೆ ಆ ಆಟೋ ಎಲ್ಲಿ ನಿಲ್ಲಿಸ್ಯಾರ ಅಂತ ಕೇಳ್ಕೊಂಡು ಹೋಗ್ಯಾರ್ರಿ.’

ಅವನು ಅತ್ತದ್ದು ಸುಳ್ಳಲ್ಲ. ಮಗಳೆಂದರೆ ಅವನಿಗೆ ಜೀವ. ಹಾಗಿದ್ದೂ ಎದ್ದು ಹೋದನಲ್ಲ, ನನಗೆ ಭಯವಾದದ್ದು ಅದಕ್ಕೇ. ಕಣ್ಣೀರು ಒರೆಸಿಕೊಳ್ಳುವಾಗಲೇ ತಲೆಯಲ್ಲಿ ಅಂಕಿ ಓಡುತ್ತಿತ್ತೇ? ಈ ಸಲ ದೊಡ್ಡದು ಹೊಡೆದು, ಆಸ್ಪತ್ರೆಯ ಬಿಲ್ಲನ್ನೂ ಕಟ್ಟಿ, ಮಷಿನ್ನನ್ನೂ ಬಿಡಿಸಿ ತರುತ್ತೇನೆ ಎಂದುಕೊಂಡನೇ? ಹಾಗೇ ಅಂದುಕೊಂಡಿರುತ್ತಾನೆ, ಪಾಪ.

ಹುಡುಗಿ ಕಣ್ಣು ಬಿಟ್ಟಳು. ‘ಅಪ್ಪ ಎಲ್ಲಿ ಹೋಗ್ಯಾನ್ರಿ?’

‘ಔಷಧಿ ತರಾಕ ಹೋಗ್ಯಾನವ್ವ’ ಎಂದೆ.

ಆ ದಿನ ಮೈಸೂರುಪಾಕ್ ನುಂಗಿ ಸುಮ್ಮನಿದ್ದವನು ಅವಳಿಗೆ ಇನ್ನೇನು ತಾನೇ ಹೇಳಬಲ್ಲೆ?