ಬಾಳೆನಾರಿನಲ್ಲಿ ಅಳೆದ ತಲೆ

ಕಳೆದ ವಾರ ಅಂಕೋಲೆಯ ನಮ್ಮ ಮನೆಯ ಹೊರಕೋಣೆಗೆ ಹೊಸ ಚಾವಣಿ ಮಾಡಿಸುತ್ತಿದ್ದೆವು. ಕೆಲಸದವರು ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದರು. ಪಾಠ ಮುಗಿಸಿ ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ವಾಸನೆ ಮೂಗಿಗೆ ಬಂತು... ನೀರು ಬಿದ್ದ ಸೀಮೆಸುಣ್ಣದ ಹಾಗೆ ಸ್ವಲ್ಪ ತಂಪು, ಸ್ವಲ್ಪ ಒಗರು. ಕೈಯಲ್ಲಿದ್ದ ಚೀಲ ಇಳಿಸುವುದನ್ನೂ ಮರೆತು ನಿಂತುಬಿಟ್ಟೆ. ಇಪ್ಪತ್ತು ವರ್ಷಗಳ ಹಿಂದೆ ಕಾರವಾರದ ಕಾಲೇಜಿನಲ್ಲಿ ನಮಗೆ ಮಾನವಶಾಸ್ತ್ರ ಕಲಿಸಿದ ಸರ್ ಪಕ್ಕದಲ್ಲಿ ಹಾದುಹೋದರೆ ಇದೇ ವಾಸನೆ ಬರುತ್ತಿತ್ತು.

ಸಮಾಜಶಾಸ್ತ್ರದ ಜೊತೆಗೆ 'ಮಾನವಶಾಸ್ತ್ರ ಪರಿಚಯ' ಎಂಬ ಒಂದು ಐಚ್ಛಿಕ ಪತ್ರಿಕೆ ಇತ್ತು. ತೆಗೆದುಕೊಂಡವರು ನಾವು ಐದೇ ಜನ. ಸರ್ ಬಯಲುಸೀಮೆಯವರು, ಐವತ್ತು ದಾಟಿದವರು, ಶಿರವಾಡದಲ್ಲಿ ಒಂದು ಕೋಣೆ ಹಿಡಿದುಕೊಂಡು ಒಬ್ಬರೇ ಇದ್ದರು. ಪಾಠಕ್ಕೆ ಬೇಕಾದ ತಲೆಬುರುಡೆಯ ಮಾದರಿಗಳು ಕಾಲೇಜಿನಲ್ಲಿ ಇರಲಿಲ್ಲ. ಅವರೇ ಎಲ್ಲಿಂದಲೋ ಅಚ್ಚು ತರಿಸಿ, ಕೋಣೆಯಲ್ಲಿ ಪ್ಲಾಸ್ಟರ್ ಹೊಯ್ದು, ಮೂರು ಬುರುಡೆ ಮಾಡಿಕೊಂಡು ಬಂದರು. ಒಂದು ಚಿಂಪಾಂಜಿಯದು, ಒಂದು ಇಪ್ಪತ್ತು ಮೂವತ್ತು ಲಕ್ಷ ವರ್ಷ ಹಿಂದಿನ ಪೂರ್ವಜೆಯದು, ಒಂದು ನಮ್ಮಂಥವರದು.

ಮೊದಲ ದಿನ ನಮ್ಮ ಕಣ್ಣು ಮುಚ್ಚಿಸಿದರು. "ಬುರುಡೆಯ ಕೆಳಗೊಂದು ತೂತಿದೆ. ಬೆರಳಿಟ್ಟು ಹುಡುಕಿ," ಎಂದರು. ಮೊದಲನೆಯದರಲ್ಲಿ ತೂತು ಹಿಂದಕ್ಕೆ ಸರಿದಿತ್ತು. ಎರಡನೆಯದರಲ್ಲಿ ಹೆಚ್ಚುಕಡಿಮೆ ನಡುವಿಗೇ ಬಂದಿತ್ತು.

"ಬೆನ್ನುಹುರಿ ತಲೆಗೆ ಹೋಗುವ ದಾರಿ ಅದು. ಹಿಂದೆ ಇದ್ದರೆ ಕೈಯೂರಿ ನಡೆದ ಪ್ರಾಣಿ. ನಡುವೆ ಇದ್ದರೆ, ತಲೆಯನ್ನು ಬೆನ್ನಿನ ಮೇಲೆ ಹೊತ್ತು ಎದ್ದುನಿಂತವಳು. ಇವಳ ಮೆದುಳು ಒಂದು ದೊಡ್ಡ ಮೋಸಂಬಿಯಷ್ಟು ಅಷ್ಟೇ. ಆದರೂ ನಿಂತಿದ್ದಾಳೆ ನೋಡಿ. ನಾವು ಮೊದಲು ನಿಂತೆವು... ಬುದ್ಧಿ ಆಮೇಲೆ ಬಂತು."

ನನ್ನ ಬೆರಳು ಇನ್ನೂ ಆ ತೂತಿನಲ್ಲೇ ಇತ್ತು. ಆ ಸಂಜೆ ನಮ್ಮೂರು ಅಮದಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಜನರನ್ನೇ ನೋಡುತ್ತ ಬಂದೆ. ಮೀನಿನ ಬುಟ್ಟಿಯವಳು, ಕಂಡಕ್ಟರ್, ತೂಕಡಿಸುವ ಮುದುಕ... ಎಲ್ಲರ ತಲೆಯೂ ಅಷ್ಟು ಸಣ್ಣ ಬೆನ್ನುಮೂಳೆಯ ತುದಿಯಲ್ಲಿ ಬೀಳದೆ ನಿಂತಿತ್ತು. ಅಲ್ಲಿಯವರೆಗೆ ಅದೊಂದು ಅಚ್ಚರಿ ಎಂದು ನನಗೆ ಅನಿಸಿರಲೇ ಇಲ್ಲ.

ವಿಕಾಸದ ಪಾಠ ಮುಗಿದು ಸಂಸ್ಕೃತಿಯ ಪಾಠ ಶುರುವಾದಾಗ ನನಗೆ ಸಂಕಟ ಶುರುವಾಯಿತು. "ನಿಮ್ಮ ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾವ ಕೆಲಸವನ್ನು ಯಾರು ಯಾರಿಗೆ ಕಲಿಸಿದರು, ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ," ಎಂದರು ಸರ್. ನಮ್ಮ ಮನೆಯ ಹಿರಿಯಳೆಂದರೆ ಅಜ್ಜಿ. ಕುತ್ತಿಗೆ ತುಂಬ ಮಣಿಸರ, ರವಿಕೆಯಿಲ್ಲದೆ ಹೆಗಲಿಗೆ ಗಂಟು ಹಾಕಿ ಉಟ್ಟ ಸೀರೆ. ಭಾನುವಾರ ಕಾರವಾರದ ಸಂತೆಯಲ್ಲಿ ಬಸಳೆ, ಬದನೆ ಮಾರಲು ಕೂರುತ್ತಿದ್ದಳು. ಒಂದು ಭಾನುವಾರ ಗೆಳತಿಯರು ಅವಳ ಸರಗಳನ್ನು ತೋರಿಸಿ ನಕ್ಕಾಗ, ನಾನು ಗುರುತಿಲ್ಲದವಳ ಹಾಗೆ ಅವಳ ಮುಂದೆಯೇ ನಡೆದುಹೋಗಿದ್ದೆ. ಅಜ್ಜಿ ನೋಡಿದ್ದಳು.

ಅವಳನ್ನು ಕೇಳುವ ಮುಖ ನನಗಿರಲಿಲ್ಲ. ಲೈಬ್ರರಿಯ ಪುಸ್ತಕವೊಂದರಿಂದ ಯಾವುದೋ ದ್ವೀಪದ ಜನರ ಸಂಗತಿ ಎತ್ತಿ, ನಮ್ಮ ಮನೆಯದೆಂದು ಬರೆದುಕೊಟ್ಟೆ. ಸರ್ ಓದಿ ಕನ್ನಡಕ ತೆಗೆದರು. "ಅಮದಳ್ಳಿಯಲ್ಲಿ ಬೆಳೆದ ಗೆಣಸನ್ನೆಲ್ಲ ಅಕ್ಕನ ಗಂಡನಿಗೆ ಕೊಟ್ಟುಬಿಡುತ್ತಾರಾ?" ಎಂದರು. ಮತ್ತೆ ಮೆಲ್ಲಗೆ ಕೇಳಿದರು, "ಇದರಲ್ಲಿ ನಿನ್ನ ಅಜ್ಜಿ ಎಲ್ಲಿದ್ದಾಳೆ?"

ನಾನು ಅತ್ತುಬಿಟ್ಟೆ. ಸಂತೆಯ ಸಂಗತಿ ಹೇಳಿದೆ. ಅವರು ಬೈಯಲಿಲ್ಲ. "ನಾನು ಒಮ್ಮೆ ಬರಬಹುದಾ ಅಂತ ಅಜ್ಜಿಯನ್ನು ಕೇಳು. ಬೇಡ ಅಂದರೆ ಬೇಡ," ಎಂದರು.

"ಬರ್ಲಿ, ನಮ್ಮನೆ ಬಾಗ್ಲು ಎಂತಾ ಹಾಕಿಟ್ಟದಾ?" ಎಂದಳು ಅಜ್ಜಿ.

ಒಂದು ಶನಿವಾರ ಮಧ್ಯಾಹ್ನ ಸರ್ ನಮ್ಮ ಕೊಪ್ಪಕ್ಕೆ ಬಂದರು. ಹತ್ತಾರು ಮನೆಗಳ ಕೇರಿಗೆ ನಾವು ಕೊಪ್ಪ ಎನ್ನುತ್ತೇವೆ. ಜಗುಲಿಯಲ್ಲಿ ಚಾಪೆ ಹಾಸಿ ಬೆಲ್ಲ, ನೀರು ಕೊಟ್ಟ ಅಜ್ಜಿ ಮೊದಲು ಕೇಳಿದ್ದು ಇದು:

"ಮಾಸ್ತರ್ರೆ, ನೀವೂ ತಲೆ ಅಳತೆ ಮಾಡೂಕೆ ಬಂದ್ರಾ?"

ನನಗೆ ಅರ್ಥವಾಗಲಿಲ್ಲ. ಸರ್ ಮುಖ ಮಾತ್ರ ಬಿಳಿಚಿಕೊಂಡಿತು.

"ನಾ ಸಣ್ಣ ಇರುವಾಗೆ ಒಬ್ಬ ಸಾಯೇಬ ಬಂದಿದ್ದ. ಕಬ್ಬಿಣದ ಚಿಮಟ ನನ್ ತಲೆಗೆ ಹಾಕಿ ಒತ್ತದ. ನಮ್ ಅಪ್ಪನ ತಲೆಗೂ ಹಾಕದ. ಮೂಗು ಅಳ್ದ, ಬರ್ಕಂಡ, ಹೋದ. ಆ ಅಳತೆ ಎಂತಾ ಹೇಳ್ತು ಅಂತ ಇವತ್ತಿನವರೆಗೂ ಯಾರೂ ಬಂದು ಹೇಳಲಿಲ್ಲ."

ಅವಳು ಇದನ್ನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಸರ್ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟರು. ಆಮೇಲೆ, "ತಲೆ ಅಳೆದರೆ ಯಾರು ಮೇಲು ಯಾರು ಕೀಳು ಗೊತ್ತಾಗುತ್ತದೆ ಅಂತ ನಂಬಿದ ಕಾಲ ಅದು, ಅಮ್ಮಾ. ಅದು ಶುದ್ಧ ಸುಳ್ಳು," ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಓದುವಾಗ ನಾನೂ ಆ ಚಿಮಟ ಹಿಡಿದಿದ್ದೆ. ಒಂದು ಕೇರಿಯ ಜನರನ್ನೆಲ್ಲ ಸಾಲಾಗಿ ಕೂರಿಸಿ ಅಳೆದೆ. ಒಳ್ಳೆ ಮಾರ್ಕು ಬಂತು. ತಿರುಗಿ ಹೋಗಿ ಅವರಲ್ಲಿ ಒಬ್ಬರಿಗೂ ಏನೂ ಹೇಳಲಿಲ್ಲ. ತಪ್ಪಾಯಿತು."

ಅಜ್ಜಿ ಎದ್ದಳು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಸೂರಿನ ಸಂದಿಯಿಂದ ಹೂ ಕಟ್ಟಲು ಇಟ್ಟಿದ್ದ ಉದ್ದನೆಯ ಬಾಳೆನಾರು ಎಳೆದುಕೊಂಡು ಬಂದಳು.

"ಹಾಂಗಾರೆ ತಲೆ ಬಗ್ಸಿ."

ಸರ್ ಚಾಪೆಯ ಮೇಲೆ ಕೂತಲ್ಲೇ ತಲೆ ಬಗ್ಗಿಸಿದರು. ಅಜ್ಜಿ ನಾರನ್ನು ಅವರ ಹಣೆಯ ಸುತ್ತ ತಂದು, ತುದಿ ಸೇರಿದಲ್ಲಿ ಒಂದು ಗಂಟು ಹಾಕಿದಳು. ನನ್ನನ್ನು ಕರೆದು ಅದೇ ನಾರಿನಲ್ಲಿ ಅಳೆದು ಇನ್ನೊಂದು ಗಂಟು. ಕೊನೆಗೆ ತನ್ನ ತಲೆಗೇ ಸುತ್ತಿಕೊಂಡು ಮತ್ತೊಂದು. ನಾರನ್ನು ಬೆಳಕಿಗೆ ಹಿಡಿದಳು. ಮೂರು ಗಂಟೂ ಒಂದು ಬೆರಳಗಲದ ಒಳಗೇ ಇದ್ದವು.

"ನಂದೇ ದೊಡ್ಡದು!" ಎಂದು ನಕ್ಕಳು ಅಜ್ಜಿ. "ಎಂತಾ ಗೊತ್ತಾತು ಮಾಸ್ತರ್ರೆ?"

"ಏನೂ ಗೊತ್ತಾಗಲಿಲ್ಲ, ಅಮ್ಮಾ."

"ಅಷ್ಟೇಯ. ಈಗೆ ಕೇಳಿ, ಹೇಳ್ತೆ."

ಹೊತ್ತು ಇಳಿಯುವವರೆಗೂ ಹೇಳಿದಳು. ಯಾರನ್ನು ಏನೆಂದು ಕರೆಯಬೇಕು, ಯಾರ ಹೆಸರು ಹಿಡಿದು ಕರೆಯಬಾರದು... ಉಪ್ಪುನೀರು ನುಗ್ಗುವ ಗದ್ದೆಯ ಮಾತು ಬಂದಾಗ ಸರ್ ಮುಂದಕ್ಕೆ ಬಗ್ಗಿದರು. ಮಳೆ ಹಿಡಿದ ಮೇಲೆ ಅಜ್ಜಿ ದಿನವೂ ಆ ಗದ್ದೆಯ ಮಣ್ಣನ್ನು ಚೂರು ನಾಲಿಗೆಗೆ ಇಟ್ಟು ನೋಡುತ್ತಿದ್ದಳಂತೆ. ಉಪ್ಪು ಎಷ್ಟು ತೊಳೆದುಹೋದರೆ ಬೀಜ ಹಾಕಬೇಕು ಎಂಬುದು ಅವಳ ನಾಲಿಗೆಗೆ ಗೊತ್ತು.

"ಯಾರು ಕಲಿಸಿದರು?"

"ನಮ್ ಅತ್ತೆ."

"ಅವರಿಗೆ?"

"ಅವ್ಳ ಅತ್ತೆ. ಅವ್ಳಿಗೆ ಮತ್ತೊಬ್ಬಳು... ಅದ್ರ ಹಿಂದಿಂದು ನಂಗೆ ಕಾಣೂದಿಲ್ಲ."

ಸರ್ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿಲ್ಲುವುದು ಮೂಳೆಯಲ್ಲೇ ಬಂತು. ಇದು ಹಾಗೆ ಬರುವುದಿಲ್ಲ. ಒಂದು ನಾಲಿಗೆ ಇನ್ನೊಂದು ನಾಲಿಗೆಗೆ ಕಲಿಸಬೇಕು. ನಡುವೆ ಒಬ್ಬರು ಬಿಟ್ಟರೂ ಕಡಿದುಹೋಗುತ್ತದೆ. ಸಂಸ್ಕೃತಿ ಅಂದರೆ ಇಷ್ಟೇ." ನಾನು ಅಜ್ಜಿಯನ್ನು ನೋಡಿದೆ. ಒಬ್ಬರ ಹಿಂದೆ ಒಬ್ಬರು ಮಣ್ಣು ನೆಕ್ಕಿ ನೋಡುತ್ತ ನಿಂತ ಹೆಂಗಸರ ಸಾಲು ಅವಳ ಬೆನ್ನ ಹಿಂದೆ ಕಂಡ ಹಾಗಾಯಿತು. ಆ ಸಾಲಿನ ಮುಂದೆ ನಾನು ಗುರುತಿಲ್ಲದವಳಂತೆ ನಡೆದುಹೋಗಿದ್ದೆ.

ಹೊರಡುವ ಮೊದಲು ಸರ್ ಬರೆದುಕೊಂಡಿದ್ದನ್ನೆಲ್ಲ ಅಜ್ಜಿಗೆ ಸಾಲು ಸಾಲಾಗಿ ಓದಿ ಹೇಳಿದರು. ಅವಳು ಎರಡು ಕಡೆ ತಿದ್ದಿಸಿದಳು. ಒಂದನ್ನು ಹೊಡೆದುಹಾಕಿಸಿದಳು. ಬರೆದ ನೋಟುಪುಸ್ತಕವನ್ನು ಅವಳ ಕೈಗೇ ಕೊಟ್ಟು ಹೋದರು.

ಮರುದಿನ ಭಾನುವಾರ. ನಾನು ಸಂತೆಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಗೋಣಿಯ ಮೇಲೆ ಕೂತೆ. ಗೆಳತಿಯರು ಬಂದರು. "ನಮ್ಮಜ್ಜಿ," ಎಂದೆ.

ಆ ಬೇಸಿಗೆಯಲ್ಲಿ ಸರ್ ತಾವು ಅಳೆದಿದ್ದ ಕೇರಿಯನ್ನು ಹುಡುಕಿಕೊಂಡು ಹೋದರು. ಗುರುತು ಹಿಡಿದವನು ಒಬ್ಬ ಮುದುಕ ಮಾತ್ರ. "ಇಷ್ಟು ಹೇಳೋಕೆ ಇಷ್ಟು ದೂರ ಬಂದ್ಯಾ ಅಂತ ಬೈದು, ಊಟ ಹಾಕಿದ," ಎಂದು ತರಗತಿಯಲ್ಲಿ ಹೇಳುವಾಗ ಸರ್ ಕಣ್ಣೊರೆಸಿಕೊಂಡರು. ಮುಂದಿನ ವರ್ಷ ಆ ಪತ್ರಿಕೆಯೇ ನಿಂತುಹೋಯಿತು. ಅವರು ಊರು ಬಿಟ್ಟರು. ನಾನು ಎರಡು ಪತ್ರ ಬರೆದೆ, ಎರಡಕ್ಕೂ ಉತ್ತರ ಬಂತು. ಮೂರನೆಯದನ್ನು ಬರೆಯಬೇಕೆನ್ನುತ್ತಲೇ ಕೆಲಸ, ಮದುವೆ, ಮಕ್ಕಳು... ಅಜ್ಜಿಯೂ ಹೋದಳು. ಅವಳ ನಾಲಿಗೆಗೆ ಗೊತ್ತಿದ್ದುದನ್ನು ನಾನು ಕಲಿಯಲಿಲ್ಲ. ಸರ್ ಬರೆದುಕೊಟ್ಟದ್ದು ಮಾತ್ರ ಉಳಿದಿದೆ.

ಮೊನ್ನೆ ಹಳೆಯ ಸಹಪಾಠಿಗೆ ಫೋನ್ ಮಾಡಿ ಸರ್ ವಿಚಾರ ಕೇಳಿದೆ. "ನಿಂಗೆ ಗೊತ್ತಿಲ್ವೇನೆ? ಅವ್ರು ತೀರಿಹೋಗಿ ಎರಡು ವರ್ಷ ಆತು," ಎಂದಳು.

ಮರುದಿನ ಎಂಟನೇ ತರಗತಿಯಲ್ಲಿ ಆದಿಮಾನವರ ಪಾಠ. ಬೆಂಕಿ, ಕಲ್ಲಿನ ಆಯುಧ, ಮಾತು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತಳು. "ಅಕ್ಕೋರೆ, ಮೊದಲ್ನೇ ಮಾತು ಆಡದವ್ರು ಯಾರ ಕೂಡೆ ಆಡಿದ್ರು? ಕೇಳದವ್ರಿಗೆ ಅದು ಹೇಂಗೆ ತಿಳೀತು?"

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ನಂಗೆ ಗೊತ್ತಿಲ್ಲ ಮಗಾ," ಎಂದೆ. ಸರ್‌ಗೂ ಗೊತ್ತಿರುತ್ತಿರಲಿಲ್ಲ. ಆದರೆ ಅವರಾಗಿದ್ದರೆ ಪಾಠ ಅಲ್ಲಿಗೇ ನಿಲ್ಲಿಸಿ, ಆ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು, ಇನ್ನೊಮ್ಮೆ ಕೇಳು ಎನ್ನುತ್ತಿದ್ದರು. ಈ ಪ್ರಶ್ನೆಯನ್ನು ಅವರಿಗೆ ಹೇಳಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ... ಎರಡು ವರ್ಷ ತಡವಾಗಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ.