ಅಂಗಡಿ ಅಕ್ಕ ಎಲೆಕ್ಷನ್ನಿಗೆ ನಿಂತದ್ದು

ಮೊನ್ನೆ ಇಲ್ಲಿ ಅಮೆರಿಕದ ಫ್ರೀಮಾಂಟಿನ ಗ್ರೋಸರಿಯಲ್ಲಿ ಯಾರೋ ಒಣಮೀನಿನ ಪೊಟ್ಟಣ ಕೆಡವಿದರು. ಸುತ್ತಲಿದ್ದವರೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿದರೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ನಾನು ಅಲ್ಲೇ ನಿಂತು ಆ ವಾಸನೆ ಎಳೆದುಕೊಂಡೆ. "ಅಮ್ಮಾ, ಆರ್ ಯೂ ಓಕೆ?" ಎಂದಳು ಮಗಳು. ಓಕೆ ಎಲ್ಲಿಂದ ಬರಬೇಕು? ನಾನಾಗಲೇ ಎಂಬತ್ತರ ದಶಕದ ಒಂದು ಅಂಗಡಿಯೊಳಗೆ ಹೋಗಿಬಿಟ್ಟಿದ್ದೆ...

ಆಗ ನಾವಿದ್ದದ್ದು ಇಲ್ಲಿಂದ ತುಸು ದೂರದ ಸಣ್ಣ ಊರಿನಲ್ಲಿ. ಹೆಸರು ಬೇಡ, ಅಲ್ಲಿಯ ಜನ ಇನ್ನೂ ಬದುಕಿದ್ದಾರೆ. ಬಾಳೆಕಾಯಿ, ಬೆಂಡೆಕಾಯಿ ಬೇಕೆಂದರೆ ಇದ್ದದ್ದು ಒಂದೇ ಅಂಗಡಿ, ಘಾನಾ ದೇಶದ ಹೆಂಗಸೊಬ್ಬಳದು. ಒಂದು ಗೋಡೆಗೆ ಬಣ್ಣಬಣ್ಣದ ಬಟ್ಟೆಯ ಥಾನು, ಇನ್ನೊಂದು ಗೋಡೆಗೆ ಒಣಮೀನು. ನಾನು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಬಾಳೆಕಾಯಿ ಆರಿಸುತ್ತಿದ್ದೆ. "ಹೆದರಬೇಡ ಸಿಸ್ಟರ್, ಕಚ್ಚಲ್ಲ. ಅದು ಸತ್ತು ಬಹಳ ದಿನ ಆಯ್ತು" ಎಂದಳು. ಅವಳು ಆಡುತ್ತಿದ್ದದ್ದು ಇಂಗ್ಲಿಷು. ನನ್ನ ನೆನಪಿನಲ್ಲಿ ಮಾತ್ರ ಅಪ್ಪಟ ಕನ್ನಡದಲ್ಲೇ ಮಾತಾಡುತ್ತಾಳೆ. ನನಗಿಂತ ದೊಡ್ಡವಳಾದ್ದರಿಂದ ಅಕ್ಕ ಎಂದೆ, ಅದೇ ಉಳಿಯಿತು.

ಅಕ್ಕನ ತಾಯಿ ಘಾನಾದ ರಾಜಧಾನಿ ಅಕ್ರಾದ ಮಾರುಕಟ್ಟೆಯಲ್ಲಿ ಗೆಡ್ಡೆ ಮಾರುವ ಹೆಂಗಸರಿಗೆಲ್ಲ ಯಜಮಾನಿಯಂತೆ. ರೇಟು ಕಟ್ಟುವುದು, ಜಗಳ ಬಿಡಿಸುವುದು ಎಲ್ಲ ಆಕೆಯದೇ. ಅಕ್ಕ ತಲೆಯ ಮೇಲೆ ಬಟ್ಟೆ ಹೊತ್ತು ಮಾರುತ್ತ ಬೆಳೆದವಳು. ಓದಲು ಬಂದ ಗಂಡನ ಹಿಂದೆ ಅವಳು ಅಮೆರಿಕಕ್ಕೆ ಬಂದಳು. ಓದು ಮುಗಿದ ಮೇಲೆ ಗಂಡ ಅವಳನ್ನೂ ಪುಟ್ಟ ಮಗನನ್ನೂ ಬಿಟ್ಟು ಇನ್ನೊಬ್ಬಳ ಹಿಂದೆ ಹೋದ. "ಗಂಡ ತಾನೇ, ಹೋಗ್ಲಿ ಬಿಡು. ಗಿರಾಕಿ ಹೋದ್ರೆ ಕಷ್ಟ" ಎನ್ನುತ್ತಿದ್ದಳು.

ಒಂದು ದಿನ ಊಟಕ್ಕೆ ಕರೆದೆ. ನನ್ನ ಯಜಮಾನರು ಮಂಡ್ಯದವರು, ರಾಗಿ ಮುದ್ದೆ ಇರಲೇಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ನಾನಿನ್ನೂ ಮುದ್ದೆ ಅಗಿಯುವವಳೇ. ಅಕ್ಕ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎಂದು ನುಂಗಿದಳು! ಅವರೂರಿನಲ್ಲಿ ಗೆಡ್ಡೆ ಕುಟ್ಟಿ ಮಾಡುವ ಉಂಡೆಯನ್ನೂ ಹೀಗೇ ನುಂಗುತ್ತಾರಂತೆ. ಯಜಮಾನರು ಆನಂದದಿಂದ, "ನೋಡೇ, ಇವ್ರು ನಮ್ಮೋರು" ಎಂದರು. ಅಕ್ಕ ಸಾಕು ಎಂದಳು, ನಾನು ಬಡಿಸಿದೆ. ಬೇಡ ಎಂದಳು, ಮತ್ತೆ ಬಡಿಸಿದೆ. "ನಿಮ್ಮಲ್ಲಿ ಬೇಡ ಅಂದ್ರೆ ಏನು ಅರ್ಥ?" ಎಂದು ಕೇಳಿದಳು.

"ಮೊದಲೆರಡು ಸಲ ಏನೂ ಅರ್ಥ ಇಲ್ಲ ಅಕ್ಕ. ಮೂರನೇ ಸಲ ಹೇಳಿದ್ರೆ ನಂಬ್ತೀವಿ."

ಅಷ್ಟರಲ್ಲಿ ಬಂತು ಸುದ್ದಿ. ಆ ಅಂಗಡಿಸಾಲನ್ನೆಲ್ಲ ಕೆಡವಿ ದೊಡ್ಡ ಮಳಿಗೆಯೊಂದಕ್ಕೆ ಪಾರ್ಕಿಂಗ್ ಲಾಟು ಮಾಡಲು ಊರಿನ ಕೌನ್ಸಿಲು ಹೊರಟಿತ್ತು. ಅಕ್ಕ ಹೋಗಿ ಅವರೆದುರು ನಿಂತಳು. ಸಾರ್ವಜನಿಕರಿಗೆ ಎರಡು ನಿಮಿಷ ಮಾತ್ರ. ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೆಂಪು ದೀಪ ಹತ್ತಿತು. "ಇವರು ಕೂತಿರೋ ಕುರ್ಚಿ ಮೇಲೆ ನಾನೂ ಕೂತರೆ ದೀಪ ಇರಲ್ಲ ಅಲ್ವಾ?" ಎಂದಳು. ಪೌರತ್ವ ಹೇಗೂ ಸಿಕ್ಕಿತ್ತು, ಮಾರನೇ ವಾರ ಕೌನ್ಸಿಲಿನ ಎಲೆಕ್ಷನ್ನಿಗೆ ಹೆಸರು ಕೊಟ್ಟಳು!

ಮನೆಮನೆ ತಿರುಗಿ ಓಟು ಕೇಳಲು ಜೊತೆಗೆ ಹೊರಟವಳು ನಾನು. ತಲೆಗೆ ಹಳದಿ ಬಟ್ಟೆ ಸುತ್ತಿದ ಅವಳು, ಸೀರೆಯ ಮೇಲೆ ಸ್ವೆಟರು ಹಾಕಿದ ನಾನು. ಹುಲ್ಲಿಗೆ ನೀರು ಬಿಡುತ್ತಿದ್ದ ಮುದುಕರೊಬ್ಬರು "ನೋ ಥ್ಯಾಂಕ್ಸ್" ಎಂದರು. ಅಕ್ಕ ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿದಳು. ಮತ್ತೆ ನೋ ಎಂದರು. ಎರಡು ಬೆರಳು. ಅಯ್ಯೋ, ಅದು ನಮ್ಮನೆ ಲೆಕ್ಕ ಕಣಕ್ಕ ಎನ್ನುವಷ್ಟರಲ್ಲಿ ಮುದುಕರು ಪೈಪು ನಮ್ಮ ಕಡೆಗೇ ತಿರುಗಿಸಿದರು. ನನ್ನ ಮೈಸೂರು ಸಿಲ್ಕು ತೊಯ್ದು ತೊಪ್ಪೆ! ಅಕ್ಕ ಮುಖ ಒರೆಸಿಕೊಂಡು, "ಸರ್, ಇನ್ನೊಂದು ಸಲ ಕೇಳ್ತೀನಿ" ಎಂದಳು. ಮುದುಕರಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಟವೆಲು ತಂದುಕೊಟ್ಟು, ಓಟು ಕೇಳುವ ಅವಳ ಹೆಸರಿನ ಬೋರ್ಡನ್ನು ಹುಲ್ಲಿನಲ್ಲಿ ತಾವೇ ನೆಟ್ಟರು.

ಗೆದ್ದಳು ಕಣ್ರೀ! ನಾನು ಅಂಗಡಿಯಲ್ಲಿದ್ದವರಿಗೆಲ್ಲ ಮೈಸೂರು ಪಾಕು ಹಂಚಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಕೌನ್ಸಿಲಿನ ವಕೀಲ ಅಕ್ಕನನ್ನು ಕೂರಿಸಿಕೊಂಡು ಕಾನೂನು ಹೇಳಿದ. ಸ್ವಂತ ಅಂಗಡಿಯ ವಿಷಯ ಬಂದಾಗ ಅವಳು ಓಟು ಹಾಕುವಂತಿಲ್ಲ, ಬಾಯಿ ಬಿಡದಿರುವುದೇ ಕ್ಷೇಮ, ಎದ್ದು ಹೊರಗೆ ಹೋಗಬೇಕು. ಅಂಗಡಿ ಉಳಿಸಿಕೊಳ್ಳಲೆಂದೇ ಆ ಕುರ್ಚಿ ಗೆದ್ದವಳಿಗೆ ಮೊದಲಿದ್ದ ಎರಡು ನಿಮಿಷವೂ ಹೋಯಿತು.

ಆ ಸಂಜೆ ಮೀಟಿಂಗಿನಲ್ಲಿ ಅವಳ ಅಂಗಡಿಸಾಲಿನ ಸರದಿ ಬಂದಾಗ ಅಕ್ಕ ಎದ್ದು ಹೊರಗಿನ ಬೆಂಚಿಗೆ ಬಂದಳು. ನಾನು ಚಿತ್ರಾನ್ನದ ಡಬ್ಬಿ ಹಿಡಿದು ಅಲ್ಲೇ ಕೂತಿದ್ದೆ. "ಸಿಸ್ಟರ್, ನನ್ನ ಎರಡು ನಿಮಿಷ ನೀನು ತಗೋ" ಎಂದಳು. ನಾನಾ? ಮಗಳ ಡೇಕೇರಿನ ಟೀಚರ ಜೊತೆ ಮಾತಾಡಲೂ ಯಜಮಾನರನ್ನು ಮುಂದೆ ಬಿಡುತ್ತಿದ್ದವಳು! ಹೋದೆ. ಏನು ಹೇಳಿದೆನೋ, ಬಾಳೆಕಾಯಿ ಬಜ್ಜಿಯ ವಿಷಯ ಬಂದದ್ದಂತೂ ನಿಜ. ಕೊನೆಯಲ್ಲಿ, "ಈ ಊರಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಆ ಅಂಗಡಿ" ಎಂದೆ. ಅದನ್ನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ದೀಪ ಕೆಂಪಾಯಿತು. ಥ್ಯಾಂಕ್ಯೂ ಎಂದರು. ಕೆಡವಬೇಕೆಂದೇ ಓಟು ಹಾಕಿದರು.

ಹೊರಗೆ ಬಂದೆ. ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು.

"ನೀನು ಚೆನ್ನಾಗಿ ಮಾತಾಡಿದ್ಯಾ?"

"ಹೂಂ ಅಕ್ಕ."

"ಹಾಗಾದ್ರೆ ಮುಂದಿನ ಎಲೆಕ್ಷನ್ನಿಗೆ ನೀನೇ ನಿಲ್ಲು" ಎಂದು ನಕ್ಕಳು. ಆಮೇಲೆ ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ಗಂಡ ಬಿಟ್ಟುಹೋದಾಗಲೂ ಅಳದವಳು. ಒಳಗಿನಿಂದ ಕರೆ ಬಂತು, ಮುಂದಿನ ವಿಷಯ ನಾಯಿಗಳ ಪಾರ್ಕಿಗೆ ನೀರಿನ ನಲ್ಲಿ. ಅಕ್ಕ ಕಣ್ಣೊರೆಸಿ, ತಲೆಯ ಬಟ್ಟೆ ಬಿಗಿದುಕೊಂಡು ಒಳಗೆ ಹೋದಳು. ಬಾಗಿಲ ಈಚೆಗೆ ನನಗೆ ಅವಳ ದನಿ ಕೇಳಿಸುತ್ತಿತ್ತು. ಒಂದಲ್ಲ, ಎರಡು ನಲ್ಲಿ ಬೇಕು, ಗಿಡ್ಡ ನಾಯಿಗಳು ಏನು ಮಾಡಬೇಕು ಎಂದು ಕೂಗಾಡುತ್ತಿದ್ದಳು...

ಕೆಲವು ವರ್ಷಗಳ ಮೇಲೆ ಅವಳು ಅಕ್ರಾಗೆ ಮರಳಿ, ಅಲ್ಲೂ ಎಲೆಕ್ಷನ್ನಿಗೆ ನಿಂತು ಗೆದ್ದಳಂತೆ. ಹೋದ ತಿಂಗಳು ಅವಳ ಮಗ ಫೋನ್ ಮಾಡಿ, ಅಮ್ಮ ತೀರಿಕೊಂಡರು ಎಂದ. ಆಗ ನನಗೆ ಅಳುವೇ ಬರಲಿಲ್ಲ.

ಮೊನ್ನೆ ಗ್ರೋಸರಿಯಿಂದ ಮಗಳು ನನ್ನನ್ನು ಹಳೆಯ ಊರಿಗೆ ಕರೆದುಕೊಂಡು ಹೋದಳು. ಅಂಗಡಿಯಿದ್ದ ಜಾಗದಲ್ಲಿ ಕಾರುಗಳು. ನಾಯಿಗಳ ಪಾರ್ಕಿನಲ್ಲಿ ಮಾತ್ರ ಎರಡು ನಲ್ಲಿಗಳಿವೆ, ಒಂದು ಎತ್ತರ, ಒಂದು ಗಿಡ್ಡ. ಗಿಡ್ಡ ನಲ್ಲಿಯಲ್ಲಿ ಮೊಣಕಾಲೆತ್ತರದ ನಾಯಿಯೊಂದು ಲೊಚಲೊಚ ನೀರು ಕುಡಿಯುತ್ತಿತ್ತು. ನೋಡುತ್ತ ನೋಡುತ್ತ ಗೊಳೋ ಎಂದು ಅತ್ತುಬಿಟ್ಟೆ. ಅದರ ಯಜಮಾನಿ ಹತ್ತಿರ ಬಂದು ಕೈ ಹಿಡಿದು, "ನಿಮ್ಮ ನಾಯಿ ಹೋಯಿತಾ?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ, "ನಮ್ಮಕ್ಕ ಹೋದಳು."